ಒಂಬತ್ತು ಬೆರಳಿನ ದೈತ್ಯೆ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಕೊಲ್ಬೇನನಿಗೆ ಅದು ಇರಲಿಲ್ಲ. ಸಿಟ್ಟು ಬಂದರೆ ಬೈಯುವುದು, ಸಿಟ್ಟಿಳಿದರೆ ಕಾಫಿ ಕುಡಿಯುವುದು, ಅರವತ್ತು ದಾಟಿದರೂ ಅವನಿಗೆ ಗೊತ್ತಿದ್ದದ್ದು ಇವೆರಡೇ. ಅಂಥವನು ಮೊಮ್ಮಗಳ ನಾಮಕರಣ ಎರಡು ದಿನ ಇದೆ ಎನ್ನುವಾಗ, ಮನೆಮಂದಿಯೆಲ್ಲ ಕೂತ ಮೇಜಿನ ಮುಂದೆ ಒಂದು ಸುಳ್ಳು ಹೇಳಲು ಹೊರಟ. ಕಾರಣ ಅವನ ಅಮ್ಮ.

ಅಮ್ಮ ಗೆರ್ದುರ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಐಸ್‌ಲ್ಯಾಂಡಿನ ಮೂಡಣ ಕರಾವಳಿಯ ನಮ್ಮ ಕೊಲ್ಲಿಯಲ್ಲಿ ಅವಳಷ್ಟು ಎತ್ತರದ ಹೆಂಗಸು ಇನ್ನೊಬ್ಬಳಿರಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಟಗರನ್ನು ಬೆಕ್ಕಿನಮರಿಯಂತೆ ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದಳು. ಊರವರು ಅವಳನ್ನು ದೈತ್ಯೆ ಅನ್ನುತ್ತಿದ್ದರು, ಎದುರಿಗೇ. ಅವಳು ‘ಓ’ ಅನ್ನುತ್ತಿದ್ದಳು. ಮನೆಯ ಮೇಲಿನ ಗುಡ್ಡದಲ್ಲಿ ಒಂದು ಬಂಡೆಯಿದೆ. ರಾತ್ರಿ ಮೀನು ಹಿಡಿಯಲು ಹೋದ ದೈತ್ಯೆಯೊಬ್ಬಳು ಮನೆ ಸೇರುವ ಮೊದಲೇ ಬೆಳಗಾಗಿ ಕಲ್ಲಾದಳಂತೆ. ಅದನ್ನು ನಾವು ಕಲ್ಲಜ್ಜಿ ಅನ್ನುತ್ತೇವೆ. ದಾರಿಯಲ್ಲಿ ಹೋಗುವವರು ಟೋಪಿ ಎತ್ತಿ ಹೋಗುತ್ತಾರೆ. ಗೆರ್ದುರ್ ಮಾತ್ರ ಟೋಪಿ ಎತ್ತುತ್ತಿರಲಿಲ್ಲ. “ಏನೇ ಅಕ್ಕ, ಇನ್ನೂ ನಿಂತೇ ಇದೀಯಾ?” ಎಂದು ಕೇಳಿ ಹೋಗುತ್ತಿದ್ದಳು.

ನಮ್ಮಲ್ಲಿ ಮನೆತನದ ಹೆಸರು ಅಂತ ಇಲ್ಲ. ಮಗುವಿನ ಹಿಂದೆ ಅಪ್ಪನ ಹೆಸರು ಅಂಟುತ್ತದೆ, ಅದೂ ಒಂದು ತಲೆಮಾರಿಗೆ ಮುಗಿಯಿತು. ಸತ್ತವರು ಉಳಿಯಬೇಕೆಂದರೆ ಮೊಮ್ಮಕ್ಕಳ, ಮರಿಮಕ್ಕಳ ಹೆಸರಲ್ಲೇ ಉಳಿಯಬೇಕು. ಕೊಲ್ಬೇನನಿಗೆ ಇದ್ದವಳು ಒಬ್ಬಳೇ ಮಗಳು ಬ್ರಿನ್ಯಾ. ಬ್ರಿನ್ಯಾಗೆ ಬಹಳ ತಡವಾಗಿ, ಡಾಕ್ಟರುಗಳೆಲ್ಲ ಕೈಚೆಲ್ಲಿದ ಮೇಲೆ ಹುಟ್ಟಿದವಳು ಈ ಪುಟ್ಟಿ. ಇವಳಿಗೆ ಅಮ್ಮನ ಹೆಸರು ಬೀಳದಿದ್ದರೆ ಇನ್ನು ಯಾರಿಗೂ ಬೀಳುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಯಾರನ್ನಾದರೂ ಬೈಯುತ್ತಿದ್ದ, ಹೆಚ್ಚಾಗಿ ನಾಯಿಯನ್ನು.

ಅಡ್ಡಿಯಾಗಿ ನಿಂತವಳು ಬೀಗಿತ್ತಿ ಒಡ್ರೂನ್. ಬ್ರಿನ್ಯಾಗೂ ಒಡ್ರೂನಳ ಮಗ ಒರ್ರಿಗೂ ಮದುವೆಯೇನೂ ಆಗಿರಲಿಲ್ಲ, ನಮ್ಮಲ್ಲಿ ಮಗು ಮೊದಲು, ಮದುವೆ ಪುರುಸೊತ್ತಾದಾಗ. ಆದರೆ ಮದುವೆಯಾಗದಿದ್ದರೂ ಬೀಗಿತ್ತಿ ಬೀಗಿತ್ತಿಯೇ. ಉತ್ತರದ ಅಕುರೇರಿ ಪಟ್ಟಣದಲ್ಲಿ ಉಣ್ಣೆಯ ಅಂಗಡಿ ಇಟ್ಟವಳು. ಗುಬ್ಬಚ್ಚಿಯಷ್ಟು ಆಳು. ಹೆಸರು ಕೇಳಿದರೆ ಸಾಕು, ಲೆಕ್ಕ ಹಾಕುತ್ತಾಳೆ. ಹಳೆಯ ರೂನ್ ಅಕ್ಷರಗಳ ಸಾಲಿನಲ್ಲಿ ಯಾವ ಅಕ್ಷರ ಎಷ್ಟನೆಯದೋ ಅದೇ ಅದರ ಅಂಕಿ. ಹೆಸರಿನ ಅಂಕಿಗಳನ್ನೆಲ್ಲ ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಕೊನೆಗೆ ಉಳಿದ ಒಂದಂಕಿ ಆ ಜೀವದ ಹಣೆಬರಹ ಅಂತ ಅವಳ ನಂಬಿಕೆ. ಒಂಬತ್ತು ಬಂದರೆ ಅವಳ ಮುಖ ಅರಳುತ್ತಿತ್ತು. ಮೂರು ಬಂದರೆ ಬಾಯಿ ಬಿಗಿಯುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಅವಳು ಸಕ್ಕರೆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಗುವಿನ ಹೆಸರನ್ನು ನಾಮಕರಣಕ್ಕೆ ಮೊದಲು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಕೆಟ್ಟದ್ದು ಕೇಳಿಸಿಕೊಳ್ಳುತ್ತದೆ, ಹೆಸರು ಮಗುವಿಗೆ ದಕ್ಕುವುದಿಲ್ಲ ಅನ್ನುವುದು ಈ ಕೊಲ್ಲಿಯಲ್ಲೂ ಆ ಪಟ್ಟಣದಲ್ಲೂ ಒಂದೇ. ಹಾಗಾಗಿ ಒಡ್ರೂನ್ ಹೆಸರು ಹೇಳದೆ, ಅಕ್ಷರಕ್ಕೊಂದು ಗುಡ್ಡೆಯಂತೆ ಸಕ್ಕರೆ ಅಚ್ಚುಗಳನ್ನು ಜೋಡಿಸಿದಳು. ಆರು, ಒಂಬತ್ತು, ಐದು, ಮೂರು, ಎರಡು, ಮತ್ತೆ ಐದು.

“ಮೂವತ್ತು,” ಅಂದಳು. “ಮೂರಕ್ಕೆ ಸೊನ್ನೆ ಸೇರಿಸಿದ್ರೆ ಮೂರು. ನಾನೇನು ಮಾಡ್ಲಿ ಕೊಲ್ಬೇನ್, ನಿಮ್ಮಮ್ಮನ ಹೆಸರು ಮೂರಕ್ಕೇ ಬಂದು ನಿಲ್ಲುತ್ತೆ. ಸಾಲಿನ ಮೂರನೇ ಅಕ್ಷರ ಯಾರದ್ದು ಅಂತ ನಿಂಗೊತ್ತು. ದೈತ್ಯನದ್ದು. ಹೆಣ್ಣುಮಕ್ಕಳಿಗೆ ಆಗಿಬರಲ್ಲ.”

ಕೊಲ್ಬೇನ್ ಕೈಚಾಚಿ ಒಂದು ಅಚ್ಚನ್ನು ಎತ್ತಿ ಹಲ್ಲಿನ ನಡುವೆ ಇಟ್ಟುಕೊಂಡ. ಅದರ ಮೇಲೆ ಕಾಫಿ ಹೀರಿದ.

“ಈಗ ಇಪ್ಪತ್ತೊಂಬತ್ತು,” ಅಂದ. “ಸರಿಹೋಯ್ತಾ?”

ಒರ್ರಿ ಫಕ್ಕನೆ ನಕ್ಕು, ತಾಯಿಯ ಮುಖ ನೋಡಿ ಕೆಮ್ಮಿದ.

“ತಿನ್ನು, ತಿನ್ನು. ಹಣೆಬರಹ ತಿಂದು ಜೀರ್ಣ ಮಾಡ್ಕೊಂಡೋರು ಯಾರಾದ್ರೂ ಇದ್ರೆ ನೀನೇ ಮೊದಲನೇನು.”

“ಅಲ್ಲ ಒಡ್ರೂನ್, ದೈತ್ಯರ ಹೆಸರು ಅಂದ್ರೆ ಏನು ಕೀಳಾ? ಹಳೇ ಕತೇಲಿ ಆ ಹೆಸರಿನ ದೈತ್ಯರ ಹುಡುಗಿ ಕೈ ಎತ್ತಿದ್ರೆ ಕಡಲು, ಆಕಾಶ ಎಲ್ಲ ಬೆಳಗ್ತಿತ್ತು. ಫ್ರೇಯ್ ದೇವರು ದೂರದಿಂದ ನೋಡಿ ಊಟ ಬಿಟ್ಟು ಮಲಗಿದ. ಅವಳಿಗೋಸ್ಕರ ಕತ್ತೀನೇ ಕೊಟ್ಟುಬಿಟ್ಟ. ಒಂಬತ್ತು ರಾತ್ರಿ ಕಾದ. ನಿನಗೆ ಬೇಕಾದ ಒಂಬತ್ತು ಅದರಲ್ಲೇ ಇದೆ ನೋಡು!”

“ಕತ್ತಿ ಕೊಟ್ಟ. ಆಮೇಲೆ? ಲೋಕ ಮುಳುಗೋ ದಿನ ಕತ್ತಿಯಿಲ್ಲದೆ ಬರಿಗೈಲಿ ನಿಂತು ಸತ್ತ. ಅದನ್ಯಾಕೆ ನುಂಗ್ತೀಯಾ, ಸಕ್ಕರೆ ಜೊತೆಗೆ?”

ಬ್ರಿನ್ಯಾ ಮಗುವನ್ನು ತೊಡೆಯ ಮೇಲೆ ಆಡಿಸುತ್ತಿದ್ದವಳು ತಲೆ ಎತ್ತಿದಳು. “ಅಪ್ಪ, ನನಗೆ ಅಜ್ಜಿ ಹೆಸರು ಅಂದ್ರೆ ಜೀವ. ಆದ್ರೆ ಒಡ್ರೂನ್ ಪ್ರತಿ ಸಲ ಪುಟ್ಟೀನ ಕರೆಯುವಾಗ್ಲೂ ಮುಖ ಹಿಂಡ್ಕೊಂಡು ಕರೆಯೋದು ಬೇಡ. ಮಗು ಅದನ್ನ ನೋಡ್ಕೊಂಡು ಬೆಳೆಯೋದು ಬೇಡ. ನೀವಿಬ್ರೂ ಒಪ್ಪಿದ್ರೆ ಆ ಹೆಸರು. ಇಲ್ಲದಿದ್ರೆ ಬೇರೆ.”

ಬೇರೆ ಅಂದರೆ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಹುಲ್ದಾ. ಬೀಗಿತ್ತಿ ಅದನ್ನು ಬಾಯಲ್ಲಿ ಹೇಳಿರಲಿಲ್ಲ, ಮೇಜುಬಟ್ಟೆಯ ಮೇಲೆ ಬೆರಳಲ್ಲಿ ಬರೆದು ತೋರಿಸಿದ್ದಳು. ಲೆಕ್ಕ ಒಂಬತ್ತು. ಒಳ್ಳೆಯ ಹೆಸರೇ. ಆದರೆ ಆ ಹೆಸರಿನ ಯಾವಳೂ ಟಗರನ್ನು ಕಂಕುಳಲ್ಲಿ ಅವುಚಿಕೊಂಡು ನಡೆದದ್ದನ್ನು ಕೊಲ್ಬೇನ್ ಕಂಡಿರಲಿಲ್ಲ.

ಆಗಲೇ ಅವನಿಗೆ ಸುಳ್ಳು ಹೊಳೆದದ್ದು. ಸತ್ತವರು ಕನಸಿನಲ್ಲಿ ಬಂದು ಹೆಸರು ಕೇಳಿದರೆ ಕೊಡಲೇಬೇಕು. ಅದಕ್ಕೆ ಎದುರು ಮಾತಿಲ್ಲ, ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ. ಪಾದ್ರಿಗಳೇ ಅದಕ್ಕೆ ತಲೆಬಾಗುತ್ತಾರೆ.

“ನಾನು ಹೇಳಬಾರದು ಅಂತಿದ್ದೆ,” ಎಂದು ಶುರುಮಾಡಿದ. ಕಿವಿ ಆಗಲೇ ಕೆಂಪಗಾಗಿತ್ತು. “ಅಮ್ಮ ಬಂದಿದ್ಲು. ನಿನ್ನೆ ರಾತ್ರಿ. ಕನಸಲ್ಲಿ.”

ಹೆಂಡತಿ ಸ್ವಾವಾ ದೋಸೆ ಹುಯ್ಯುತ್ತಿದ್ದವಳು ಸಟ್ಟುಗ ಹಿಡಿದುಕೊಂಡೇ ತಿರುಗಿದಳು.

“ಬಂದು?” ಅಂದಳು ಒಡ್ರೂನ್.

“ಬಂದು ನಿಂತ್ಲು. ಹೆಸರು ಕೊಡು ಅಂದ್ಲು.”

“ಎಲ್ಲಿ ನಿಂತಿದ್ದು?”

“ಬಾಗಿಲಲ್ಲಿ.”

“ನಿನ್ನೆ ರಾತ್ರಿ ನೀನು ಮಲಗಿದ್ಯಾ ಕೊಲ್ಬೇನ್?” ಒಡ್ರೂನ್ ನಿಧಾನವಾಗಿ ಕೇಳಿದಳು. “ಕುರಿ ಈಯೋ ಕಾಲ, ಒಂದು ವಾರದಿಂದ ರಾತ್ರಿ ಕಣ್ಣು ಮುಚ್ಚಿಲ್ಲ, ಕೊಟ್ಟಿಗೇಲೇ ನಿಂತಿದೀನಿ ಅಂತ ಬೆಳಿಗ್ಗೆ ತಾನೇ ನಮಗೆಲ್ಲ ಬೈದೆ. ಕನಸು ನಿಂತ್ಕೊಂಡೇ ಬಿತ್ತಾ?”

ಸ್ವಾವಾ ಮೆಲ್ಲಗೆ ಬೆನ್ನು ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಅಂತ ಕೊಲ್ಬೇನನಿಗೆ ಗೊತ್ತಾಯಿತು. ಇನ್ನು ಅವನನ್ನು ಹಿಡಿಯುವವರು ಯಾರು?

“ಹೌದು, ನಿಂತ್ಕೊಂಡೇ ಬಿತ್ತು!” ಮೇಜನ್ನು ಗುದ್ದಿದ. ಸಕ್ಕರೆಯ ಗುಡ್ಡೆಗಳು ಚೆಲ್ಲಾಡಿದವು. “ಅಂಕಿಯಂತೆ, ಲೆಕ್ಕವಂತೆ! ಉಣ್ಣೆ ತೂಗೋ ತಕ್ಕಡೀಲಿ ನಮ್ಮಮ್ಮನ್ನ ತೂಗೋಕೆ ಬಂದಿದೀಯಾ? ಅವಳ ಹೆಸರು ಗೆರ್ದುರ್! ಈ ಮಗೂನೂ ಗೆರ್ದುರ್! ಗೆರ್ದುರ್ ಅಂದ್ರೆ ಗೆರ್ದುರೇ!”

ಮಗು ಬೆಚ್ಚಿ ಅಳತೊಡಗಿತು. ಮಗುವಿನ ಕಿವಿಗೆ ಬೀಳುವಂತೆ, ಒಂದಲ್ಲ ನಾಲ್ಕು ಸಲ, ಅವನೇ ಹೆಸರನ್ನು ಕೂಗಿಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬ್ರಿನ್ಯಾ ಮಗುವನ್ನು ಎತ್ತಿಕೊಂಡು ಎದ್ದಳು. ಅವಳ ಕಣ್ಣಲ್ಲಿ ನೀರಿತ್ತು.

“ಈಗ ನಾನು ಕೊಡ್ಬೇಕು ಅಂದ್ರೂ ಹೇಗಪ್ಪ ಕೊಡ್ಲಿ?” ಅಂದು ಒಳಗೆ ಹೋದಳು. ಒರ್ರಿ ಹಿಂದೆಯೇ ಹೋದ.

ಸ್ವಾವಾ ಒಲೆ ಆರಿಸಿದಳು. “ಕುರಿ ಹತ್ರ ಹೋಗು ನೀನು,” ಅಂದಳು. “ಅವಕ್ಕೆ ನಿನ್ನ ಭಾಷೆ ಅಭ್ಯಾಸ ಆಗಿದೆ. ನಾನು ಇಗರ್ಜಿ ನೆಲ ತೊಳೆದು ಬರ್ತೀನಿ.”

ಕೊಲ್ಬೇನ್ ಕೊಟ್ಟಿಗೆಗೆ ಹೋದ. ದಾರಿಯಲ್ಲಿ ಕಲ್ಲಜ್ಜಿ ಕಂಡಳು. ಟೋಪಿ ಎತ್ತುವ ಮನಸ್ಸೂ ಆಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅಮ್ಮನ ಹೆಸರನ್ನು ಕಳೆದವಳು ಬೀಗಿತ್ತಿಯಲ್ಲ, ಅವಳ ಅಂಕಿಯೂ ಅಲ್ಲ. ತಾನೇ, ತನ್ನ ಈ ದೊಡ್ಡ ಬಾಯಿಯೇ.

ಕೊಟ್ಟಿಗೆಯ ಮೂಲೆಯಲ್ಲಿ ಬೂದುಬಣ್ಣದ ಕುರಿಯೊಂದು ನರಳುತ್ತಿತ್ತು. ಮರಿಯ ತಲೆ ಬಾಗಿಲಿಗೆ ಬಂದಿದೆ, ಮುಂಗಾಲು ಹಿಂದಕ್ಕೆ ಮಡಚಿ ಸಿಕ್ಕಿಕೊಂಡಿದೆ. ಕೊಲ್ಬೇನ್ ಕೈಗೆ ಸೋಪು ಹಚ್ಚಿಕೊಂಡು ಪ್ರಯತ್ನಿಸಿದ. ಅಮ್ಮನ ಮಗನಾಗಿ ಹುಟ್ಟಿ ಅವನಿಗೆ ಬಂದ ಆಸ್ತಿ ಅಂದರೆ ಆ ಕೈಗಳು. ಸಲಿಕೆಯಂಥ ಕೈ ಒಳಗೆ ಹೋಗುವುದಿಲ್ಲ. ಇಂಥ ಹೊತ್ತಿಗೆ ಅಮ್ಮ ತನ್ನ ಎಡಗೈ ಹಾಕುತ್ತಿದ್ದಳು. ಯೌವನದಲ್ಲಿ ದೋಣಿಯ ಹಗ್ಗ ಎಳೆಯುವ ಗಾಲಿಗೆ ಸಿಕ್ಕಿ ಆ ಕೈಯ ಕಿರುಬೆರಳು ಬುಡದಲ್ಲೇ ಹೋಗಿತ್ತು. ‘ದೇವರು ಈ ಕೈಯನ್ನ ಕುರಿಗೇ ಅಂತ ಕತ್ತರಿಸಿ ಕೊಟ್ಟ’ ಎಂದು ನಗುತ್ತಿದ್ದಳು. ಈಗ ಆ ಕೈ ಇಲ್ಲ. ಸ್ವಾವಾ ಇಗರ್ಜಿಯಲ್ಲಿದ್ದಾಳೆ.

“ಸರಿ, ಪಕ್ಕಕ್ಕೆ ಸರಿ.”

ಒಡ್ರೂನ್. ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಒಂದು ಕೈಯಲ್ಲಿ ಬಟ್ಟೆ ಸುತ್ತಿದ ದೋಸೆ. ಬೈಯಲು ಬಂದವಳಂತೆ ಕಾಣಲಿಲ್ಲ. ಕೋಟು ಕಳಚಿ, ತೋಳು ಮಡಚಿ, ಸೋಪು ಕೇಳಿದಳು.

“ನಿನಗೆ ಗೊತ್ತಾ ಇದು?”

“ಉಣ್ಣೆ ಅಂಗಡೀಲಿ ಹುಟ್ಟಿದೆ ಅಂದ್ಕೊಂಡ್ಯಾ? ನಮ್ಮಪ್ಪಂಗೂ ಕುರಿ ಇತ್ತು. ಹಿಡ್ಕೊ ಅದನ್ನ, ಒದೀತದೆ.”

ಅವಳ ಪುಟ್ಟ ಕೈ ಸಲೀಸಾಗಿ ಒಳಗೆ ಹೋಯಿತು. ಕಣ್ಣು ಮುಚ್ಚಿ ತಡಕಿದಳು, ಮರಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಕಾಲನ್ನು ಮುಂದಕ್ಕೆ ತಂದಳು. ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು, ಸೀನಿತು. ಇಬ್ಬರೂ ಗೋಡೆಗೊರಗಿ ಕೂತರು. ಸಂಜೆಯ ಬೆಳಕು ಬಾಗಿಲಿನಿಂದ ನೇರ ಕುರಿಯ ಬೆನ್ನ ಮೇಲೆ ಬಿದ್ದಿತ್ತು. ತಾಯಿ ಮರಿಯನ್ನು ನೆಕ್ಕುವುದನ್ನು ಒಡ್ರೂನ್ ನೋಡುತ್ತಿದ್ದಳು.

“ಒರ್ರಿಗಿಂತ ಮೊದಲು ನನಗೊಬ್ಬಳು ಹುಡುಗಿ ಇದ್ಲು,” ಅಂದಳು ಆಮೇಲೆ. “ಆಗ ನನಗೆ ಅಂಕಿಗಿಂಕಿ ಏನೂ ಗೊತ್ತಿರಲಿಲ್ಲ. ಚೆಂದ ಅನ್ನಿಸಿದ ಹೆಸರಿಟ್ಟೆ. ಒಂದು ಚಳಿಗಾಲ ಬದುಕಿದ್ಲು. ಆಮೇಲೆ ಯಾರೋ ಲೆಕ್ಕ ಹಾಕಿ ತೋರಿಸಿದ್ರು. ಮೂರು.” ಕೈಯ ಒದ್ದೆಯನ್ನು ಹುಲ್ಲಿಗೆ ಒರೆಸಿದಳು. “ಅಂಕಿಯಿಂದ ಮಗು ಸಾಯಲ್ಲ ಅಂತ ನನಗೂ ಗೊತ್ತು ಕೊಲ್ಬೇನ್. ನಾನೇನು ದಡ್ಡಿಯಲ್ಲ. ಆದ್ರೆ ಗೊತ್ತಿರೋದು ತಲೆಗೆ. ಎದೆಗೆ ಯಾರು ಹೇಳ್ತಾರೆ?”

ಕೊಲ್ಬೇನ್ ಫ್ಲಾಸ್ಕಿನ ಮುಚ್ಚಳ ತೆಗೆದು ಕಾಫಿ ಬಗ್ಗಿಸಿ ಅವಳಿಗೆ ಕೊಟ್ಟ. ಅವಳ ಕೈ ಚಳಿಗೆ ನೀಲಿಗಟ್ಟಿತ್ತು.

“ಆ ಮೊಳೆಗೆ ಕೈಗವಸು ನೇತುಹಾಕಿದೆ. ಅಮ್ಮನದು. ಹಾಕ್ಕೊ,” ಅಂದ.

ಅವಳು ತೆಗೆದುಕೊಂಡಳು. ಉಣ್ಣೆಯವಳಲ್ಲವೇ, ಹಾಕಿಕೊಳ್ಳುವ ಮೊದಲು ತಿರುಗಿಸಿ ತಿರುಗಿಸಿ ಹೆಣಿಗೆ ನೋಡಿದಳು. “ಹೆಣೆದೋರು?”

“ಅವಳೇ.”

“ಒಳ್ಳೇ ಕೈ,” ಅಂದಳು. ಒಂದೇ ಕೈಗವಸಿನಲ್ಲಿ ಅವಳ ಎರಡು ಕೈಗಳೂ ಹಿಡಿಸುವಂತಿದ್ದವು. ಅದನ್ನು ಹಾಕಿಕೊಂಡೇ ಮನೆಗೆ ನಡೆದಳು. ಅವಳಿಗೆ ಮಲಗಲು ಕೊಟ್ಟದ್ದು ಅಮ್ಮನ ಕೋಣೆ, ಅಮ್ಮನ ಮಂಚ.

ಶನಿವಾರ ಬೆಳಿಗ್ಗೆ ಕೊಲ್ಬೇನ್ ಕೊಟ್ಟಿಗೆಯಿಂದ ಬಂದಾಗ ಎಲ್ಲರೂ ಮೇಜಿನ ಸುತ್ತ ಇದ್ದರು. ಯಾರೂ ಅವನ ಮುಖ ನೋಡಲಿಲ್ಲ. ಒಡ್ರೂನ್ ಒಣಮೀನಿನ ಎಳೆಗೆ ಬೆಣ್ಣೆ ಸವರುತ್ತಿದ್ದಳು.

“ಆ ಮಂಚ ಒಂದು ಕಡೆ ವಾಲುತ್ತಾ ಸ್ವಾವಾ?” ಎಂದು ಕೇಳಿದಳು.

“ಇಲ್ವಲ್ಲ. ಯಾಕೆ?”

“ರಾತ್ರಿ ವಾಲಿತು. ಕಾಲ ಹತ್ರ ಯಾರೋ ಬಂದು ಕೂತ್ರು. ಎಂಥ ಹೆಂಗಸು ಅಂತೀಯಾ! ತಲೆ ಮಾಡಿಗೆ ತಾಗ್ತಿತ್ತು. ನನ್ನ ಪಾದ ಅವಳ ಕೆಳಗೆ ಸಿಕ್ಕಿಹಾಕ್ಕೊಂಡು ಜುಮ್ ಅಂತಿತ್ತು. ಏಳಮ್ಮ ಅಂದೆ. ಏಳಲಿಲ್ಲ. ಹೆಸರು ಕೊಡೋ ತನಕ ಏಳಲ್ಲ ಅಂದ್ಲು.”

ಬ್ರಿನ್ಯಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು.

“ನಾನು ಲೆಕ್ಕ ಹೇಳಿದೆ. ಮೂವತ್ತು, ಮೂರು, ದೈತ್ಯರ ಅಂಕಿ ಅಂತ. ಅವಳು ನಕ್ಕುಬಿಟ್ಲು. ನೀನು ಎಲ್ಲಾ ಎಣಿಸೋಳು ತಾನೇ, ಇದನ್ನ ಎಣಿಸು ಅಂತ ಎರಡು ಕೈನೂ ನನ್ನ ಮುಖದ ಮುಂದೆ ಚಾಚಿದ್ಲು. ಎಣಿಸಿದೆ.” ಒಡ್ರೂನ್ ಬೆಣ್ಣೆ ಚಾಕುವನ್ನು ಕೆಳಗಿಟ್ಟು ಕೊಲ್ಬೇನನನ್ನು ನೋಡಿದಳು. “ಬಲಗೈಲಿ ಐದು. ಎಡಗೈಲಿ ನಾಲ್ಕೇ. ಕಿರುಬೆರಳಿಲ್ಲ. ಒಟ್ಟು ಒಂಬತ್ತು.”

ಸ್ವಾವಾ ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಯನ್ನು ಒಡ್ರೂನ್ ಕಣ್ಣಾರೆ ಕಂಡವಳೇ ಅಲ್ಲ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅತ್ತೆ ಕಡಲಿಗೆ ಹೊರಟ ವೇಷದಲ್ಲಿದ್ದಳು, ಕೈಗೆ ಬೆರಳು ಕಾಣದಂಥ ದಪ್ಪ ಉಣ್ಣೆಚೀಲ. ಬೆರಳಿನ ವಿಷಯವನ್ನು ಒಡ್ರೂನಳಿಗೆ ತಾನಂತೂ ಹೇಳಿರಲಿಲ್ಲ. ಬ್ರಿನ್ಯಾಳನ್ನು ನೋಡಿದಳು. ಬ್ರಿನ್ಯಾ ತಲೆಯಾಡಿಸಿದಳು, ಅವಳೂ ಹೇಳಿಲ್ಲ.

ಕೊಲ್ಬೇನ್ ಬಾಗಿಲಲ್ಲೇ ನಿಂತಿದ್ದ, ಕೆಸರಿನ ಬೂಟಿನಲ್ಲಿ. “ಆದ್ರೆ ನಾನು... ನಿನ್ನೆ ಕೂಗಿಬಿಟ್ಟೆನಲ್ಲ,” ಅಂದ. ಅವನ ದನಿ ಅಷ್ಟು ಸಣ್ಣಗೆ ಬಂದದ್ದನ್ನು ಆ ಮನೆ ಹಿಂದೆ ಕೇಳಿರಲಿಲ್ಲ.

“ಕೂಗಿದ್ರೇನಾಯ್ತು? ಹೆಸರಿನ ಯಜಮಾನಿಯೇ ಬಂದು ಕೇಳಿದ ಮೇಲೆ ಕೆಡಿಸೋಕೆ ನೀನ್ಯಾರು? ಕೂತ್ಕೊ. ಮೀನು ತಿನ್ನು.”

ಭಾನುವಾರ ಇಗರ್ಜಿಯಲ್ಲಿ ಕೊಲ್ಲಿಯ ಮಂದಿಯೆಲ್ಲ ಇದ್ದರು, ಕುರಿ ಈಯುತ್ತಿದ್ದ ಮನೆಗಳವರು ಕೊಟ್ಟಿಗೆಯ ಬಟ್ಟೆಯಲ್ಲೇ ಬಂದಿದ್ದರು. ಪಾದ್ರಿ ಹಿಲ್ದುರ್ ನೀರಿನ ಬೋಗುಣಿಯ ಮೇಲೆ ಬಾಗಿ, ಮಗುವಿನ ಹೆಸರೇನು ಎಂದು ಕೇಳಿದಳು. ಬ್ರಿನ್ಯಾ ಗಟ್ಟಿಯಾಗಿ ಹೇಳಿದಳು: “ಗೆರ್ದುರ್.” ಹಿಂದಿನ ಬೆಂಚಿನಿಂದ ಮುದುಕನೊಬ್ಬ, “ದೈತ್ಯೆ ವಾಪಸ್ ಬಂದ್ಲು!” ಅಂದ. ಎಲ್ಲರೂ ನಕ್ಕರು, ಪಾದ್ರಿಯೂ ನಕ್ಕಳು.

ಕೊಲ್ಬೇನ್ ನಗಲಿಲ್ಲ. ಅವನು ಬೀಗಿತ್ತಿಯನ್ನೇ ನೋಡುತ್ತಿದ್ದ. ನೀರು ಬಿದ್ದ ಸಿಟ್ಟಿಗೆ ಕಿರುಚುತ್ತಿದ್ದ ಮಗುವನ್ನು ಒಡ್ರೂನ್ ಕೈಚಾಚಿ ತೆಗೆದುಕೊಂಡಳು. ತುಟಿ ಒಂದು ಕ್ಷಣ ಬಿಗಿಯಿತು. ಆಮೇಲೆ ಅವಳು ಮಗುವಿನ ಕಿವಿಯ ಹತ್ತಿರ ಬಾಗಿ ಕರೆದಳು, “ಗೆರ್ದುರ್. ಏ ಗೆರ್ದುರ್, ನನ್ನ ಚಿನ್ನ, ನಿಮ್ಮ ತಾತನ ಗಂಟಲು ಬಂದಿದೆಯಲ್ಲೇ ನಿಂಗೆ!” ಮುಖ ಹಿಂಡಲಿಲ್ಲ. ಕಣ್ಣೊರೆಸಿಕೊಂಡಳು ಅಷ್ಟೇ. ಮಗು ಅಳು ನಿಲ್ಲಿಸಿ ಅವಳ ಮೂಗು ಹಿಡಿಯಿತು.

ಮನೆಗೆ ಬಂದ ಮೇಲೆ ಕೂರಲು ಕುರ್ಚಿ ಸಾಲದೆ ಕೊಲ್ಬೇನ್ ಅಮ್ಮನ ಕೋಣೆಗೆ ಹೋದ. ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಕೈಗವಸುಗಳು ಇದ್ದವು. ಯಾರೋ ಅವನ್ನು ತೊಳೆದು, ತೀಡಿ, ಬೆರಳು ಬೆರಳು ಬಿಡಿಸಿ ಒಣಗಿಸಿದ್ದರು. ಎಡಗೈಯದಕ್ಕೆ ಕಿರುಬೆರಳೇ ಇರಲಿಲ್ಲ. ಅಮ್ಮ ಅಲ್ಲಿ ಹೆಣಿಗೆ ಮುಚ್ಚಿ ಗಂಟು ಹಾಕಿದ್ದಳು. ಮೂವತ್ತು ವರ್ಷ ದಿನಾ ಕಣ್ಣೆದುರಿಗಿದ್ದ ಕೈಗವಸು, ಮೊನ್ನೆ ತಾನೇ ಮೊಳೆ ತೋರಿಸಿ ಹಾಕ್ಕೊ ಅಂದದ್ದು. ಕೊಲ್ಬೇನ್ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಕುರ್ಚಿ ಎಲ್ಲಿ ಅಂತ ಸ್ವಾವಾ ಎರಡು ಸಲ ಕೂಗಿದಳು.

ಅಡುಗೆಮನೆಗೆ ಬಂದಾಗ ಒಡ್ರೂನ್ ಒಬ್ಬಳೇ ಕಿಟಕಿಯ ಹತ್ತಿರ ಕೂತು ದೋಸೆಗೆ ರೂಬಾರ್ಬ್ ದಂಟಿನ ಹುಳಿಸಿಹಿ ಜಾಮು ಸವರಿ ಮಡಚುತ್ತಿದ್ದಳು. ಕೊಲ್ಬೇನ್ ಎದುರಿಗೆ ಕೂತ.

“ಒಡ್ರೂನ್. ಶುಕ್ರವಾರ ರಾತ್ರಿ ನಿನಗೆ ಒಳ್ಳೇ ನಿದ್ದೆ ಬಂತಾ?”

ಅವಳು ತಲೆ ಎತ್ತಲಿಲ್ಲ. “ನಿದ್ದೆನಾ? ಈ ಮನೇಲಾ? ಬೆಳಗಿನ ತನಕ ನಿನ್ನ ಕುರಿಗಳ ಕೂಗು, ಅವುಗಳ ಮೇಲೆ ನಿನ್ನ ಕೂಗು. ಒಂದು ಗಳಿಗೆ ರೆಪ್ಪೆ ಮುಚ್ಚಿದ್ರೆ ಕೇಳು.”

ಹೇಳಿದ ಮೇಲೆ ಅವಳ ಕೈ ನಿಂತಿತು. ಕಿವಿ ಮೆಲ್ಲಗೆ ಕೆಂಪಾಯಿತು. ಜಾಮಿನ ಚಮಚ ಹಿಡಿದುಕೊಂಡೇ ಅವನನ್ನು ನೋಡಿದಳು, ಈಗ ಕೂಗುತ್ತಾನೆ ಎಂದು.

ಕೊಲ್ಬೇನ್ ಕೂಗಲಿಲ್ಲ. ಸಕ್ಕರೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಅತಿ ದೊಡ್ಡ ಅಚ್ಚೊಂದನ್ನು ಆರಿಸಿ ಅವಳ ಬಟ್ಟಲ ಪಕ್ಕ ಇಟ್ಟ. ಬಟ್ಟಲಿಗೆ ಬಿಸಿ ಕಾಫಿ ಬಗ್ಗಿಸಿದ. ಆಮೇಲೆ ಕೈಗವಸುಗಳನ್ನು ಜೇಬಿನಿಂದ ತೆಗೆದು ಅವಳ ಮಡಿಲಿಗೆ ಹಾಕಿದ.

“ಇಟ್ಕೊ,” ಅಂದ. “ಮುಂದಿನ ಮೇ ತಿಂಗಳಿಗೂ ಬರ್ತೀಯಲ್ಲ. ಕುರಿಗೆ ನಿನ್ನ ಕೈ ಬೇಕು.”